ನಿರ್ಮಾಣ ಕೆಲಸದಲ್ಲಿ ಅಪಾಯಮೂಲಗಳು ಮತ್ತು ಮಾನವ ದೋಷ

ಅಪಾಯಮೂಲದಿಂದ ಹುಟ್ಟುವ ಮಾನವ ದೋಷ ಎಂದರೆ, ಕೆಲಸದ ಸ್ಥಳದ ಅಪಾಯಕರ ಸ್ಥಿತಿಯೇ ಅಲ್ಲಿ ದುಡಿಯುವವರ ಇಂದ್ರಿಯ, ದೇಹ, ಗಮನ ಅಥವಾ ತೀರ್ಮಾನಶಕ್ತಿಯನ್ನು ಕುಗ್ಗಿಸಿ ಅವರು ತಪ್ಪುವಂತೆ ಮಾಡುವುದು. ಕಟ್ಟಡ, ಸೇತುವೆ, ಸುರಂಗ, ಅಣೆಕಟ್ಟು, ಚರಂಡಿ ಮೊದಲಾದ ನಿರ್ಮಾಣ ಕಾಮಗಾರಿಗಳಲ್ಲಿ ಇದು ಹೆಚ್ಚು. ಕಾರ್ಖಾನೆಯಲ್ಲಿ ಯಂತ್ರ ಒಂದೇ ಕಡೆ ನಿಂತಿರುತ್ತದೆ, ಕೆಲಸದ ಜಾಗವೂ ಬದಲಾಗುವುದಿಲ್ಲ. ಕಟ್ಟಡದ ಕೆಲಸದಲ್ಲಿ ನಿನ್ನೆ ನಡೆದಾಡಿದ ಹಲಗೆ ಇಂದು ಇರುವುದಿಲ್ಲ. ನಿನ್ನೆ ಗಟ್ಟಿ ನೆಲವಾಗಿದ್ದಲ್ಲಿ ಇಂದು ಪಾಯದ ಗುಂಡಿ ಇರುತ್ತದೆ.

ಗುಂಡಿ ಇದ್ದುದು ಅಪಾಯ, ನೋಡದೆ ಕಾಲಿಟ್ಟದ್ದು ತಪ್ಪು ಎಂದು ಎರಡನ್ನೂ ಬೇರೆಬೇರೆಯಾಗಿ ಎಣಿಸುವುದು ರೂಢಿ. ಸುರಕ್ಷತಾ ವಿಜ್ಞಾನದ ಇಂದಿನ ತಿಳಿವಳಿಕೆಯಲ್ಲಿ ಇವೆರಡು ಸ್ವತಂತ್ರ ಸಂಗತಿಗಳಲ್ಲ. ಗುಂಡಿಯ ಸುತ್ತಲಿನ ಕತ್ತಲು, ಸದ್ದು, ಬಳಲಿಕೆ ಮತ್ತು ಅವಸರ ಸೇರಿಯೇ ಆ ಹೆಜ್ಜೆ ತಪ್ಪಿರುತ್ತದೆ. ನಿರ್ಮಾಣ ಕೆಲಸದಲ್ಲಿ ಪ್ರತಿವರ್ಷ ಕನಿಷ್ಠ 60,000 ಮಾರಣಾಂತಿಕ ಅವಘಡಗಳು ಸಂಭವಿಸುತ್ತವೆ ಎಂಬುದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹಿಂದೆ ಮಾಡಿದ ಅಂದಾಜು.

ಪರಿಭಾಷೆ

ಹಾನಿ ಮಾಡಬಲ್ಲ ವಸ್ತು, ಶಕ್ತಿ ಅಥವಾ ಸ್ಥಿತಿಗೆ ಈ ಲೇಖನದಲ್ಲಿ ಅಪಾಯಮೂಲ ಎಂಬ ಪದವನ್ನು ಬಳಸಲಾಗಿದೆ. ಆ ಹಾನಿ ಎಷ್ಟರಮಟ್ಟಿಗೆ ಸಾಧ್ಯ, ಆದರೆ ಎಷ್ಟು ತೀವ್ರ ಎಂಬ ಜಂಟಿ ಅಂದಾಜು ಅಪಾಯಸಂಭವ. ಹತ್ತನೆಯ ಅಂತಸ್ತಿನ ತೆರೆದ ಅಂಚು ಅಪಾಯಮೂಲ. ಅಲ್ಲಿ ಭದ್ರವಾದ ಕಟಾಂಜನ ಹಾಕಿದರೆ ಎತ್ತರ ಹಾಗೆಯೇ ಉಳಿಯುತ್ತದೆ, ಬೀಳುವ ಸಂಭವ ಮಾತ್ರ ಇಳಿಯುತ್ತದೆ. ಆಡುಮಾತಿನಲ್ಲಿ ಎರಡನ್ನೂ ಅಪಾಯ ಎಂದೇ ಕರೆಯುವುದರಿಂದ ತನಿಖಾ ವರದಿಗಳಲ್ಲಿ ಗೊಂದಲವಾಗುವುದುಂಟು.

ಮಾನವ ದೋಷದ ವರ್ಗೀಕರಣಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಬ್ರಿಟಿಷ್ ಮನೋವಿಜ್ಞಾನಿ ಜೇಮ್ಸ್ ರೀಸನ್ ಮಾಡಿದ್ದು. ಮಾಡಬೇಕಾದುದು ಸರಿಯಾಗಿಯೇ ಗೊತ್ತಿದ್ದು, ಮಾಡುವಾಗ ಕೈಕಾಲು ತಪ್ಪುವುದು ಕೈತಪ್ಪು. ಹಲಗೆಯ ನಡುವೆ ಬೀಳಬೇಕಿದ್ದ ಹೆಜ್ಜೆ ಅಂಚಿಗೆ ಬೀಳುವುದು ಇದಕ್ಕೆ ಉದಾಹರಣೆ. ಸರಣಿಯಲ್ಲಿನ ಒಂದು ಹಂತ ನೆನಪಿನಿಂದ ಜಾರುವುದು ಮರೆವು. ಕಾಂಕ್ರೀಟನ್ನು ಹೊರುವ ತಾತ್ಕಾಲಿಕ ಅಚ್ಚಾದ ಸೆಂಟ್ರಿಂಗ್ ಕೆಳಗಿನ ಜಾಕ್‌ಗೆ ಪಿನ್ನು ಹಾಕುವುದು ಬಿಟ್ಟುಹೋಗುವುದು ಈ ಬಗೆಯದು. ಎಣಿಕೆಯೇ ತಪ್ಪಾಗಿರುವುದು ತಪ್ಪೆಣಿಕೆ. ಕಾಂಕ್ರೀಟ್ ಬಲ ಪಡೆದಿದೆ ಎಂದು ನಂಬಿ ಆಧಾರ ಬಿಚ್ಚುವವನು ತನ್ನ ಲೆಕ್ಕದಂತೆಯೇ ನಡೆದಿರುತ್ತಾನೆ, ಲೆಕ್ಕ ಸರಿಯಿರುವುದಿಲ್ಲ. ಗೊತ್ತಿದ್ದೂ ನಿಯಮ ಮೀರುವುದು ಉಲ್ಲಂಘನೆ. ರೀಸನ್ ಇದನ್ನು ದೋಷದಿಂದ ಬೇರೆ ಇಡುತ್ತಾರೆ. ಆದರೆ ನಿರ್ಮಾಣ ಸ್ಥಳದಲ್ಲಿ ಗೆರೆ ಅಷ್ಟು ಸ್ಪಷ್ಟವಲ್ಲ; ಬೆಲ್ಟಿನ ಕೊಕ್ಕೆ ಸಿಕ್ಕಿಸಲು ಸುತ್ತ ಏನೂ ಇಲ್ಲದ ಕಡೆ ಕೊಕ್ಕೆ ಹಾಕದವನನ್ನು ನಿಯಮ ಮೀರಿದವನೆಂದು ಬರೆದರೆ ಅರ್ಧ ಸತ್ಯವೇ ದಾಖಲಾಗುತ್ತದೆ.

ಪರಿಕಲ್ಪನೆಯ ಬೆಳವಣಿಗೆ

ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹರ್ಬರ್ಟ್ ವಿಲಿಯಂ ಹೈನ್ರಿಕ್ 1931ರಲ್ಲಿ ಪ್ರಕಟಿಸಿದ ಕೈಗಾರಿಕಾ ಅವಘಡ ತಡೆಯ ಗ್ರಂಥದಲ್ಲಿ, ಅವಘಡಗಳಲ್ಲಿ 88 ಶೇಕಡಾ ಕಾರ್ಮಿಕರ ಅಸುರಕ್ಷಿತ ನಡೆಯಿಂದ, 10 ಶೇಕಡಾ ಅಸುರಕ್ಷಿತ ಸ್ಥಿತಿಯಿಂದ ಆಗುತ್ತವೆ, ಉಳಿದ 2 ಶೇಕಡಾ ತಪ್ಪಿಸಲಾಗದಂಥವು ಎಂದು ಲೆಕ್ಕ ಕೊಟ್ಟರು. ಈ ಲೆಕ್ಕಕ್ಕೆ ಆಧಾರವಾಗಿದ್ದ ವರದಿಗಳಲ್ಲಿ ಬಹುಪಾಲು ಮೇಲ್ವಿಚಾರಕರು ಬರೆದವು. ಜೊತೆಗೆ ಪ್ರತಿ ಅವಘಡಕ್ಕೂ ಒಂದೇ ಕಾರಣ ಎಂಬ ಊಹೆಯ ಮೇಲೆ ಲೆಕ್ಕ ನಿಂತಿತ್ತು. ನಡೆ ಮತ್ತು ಸ್ಥಿತಿ ಒಂದನ್ನೊಂದು ಹುಟ್ಟಿಸಬಹುದೆಂಬುದಕ್ಕೆ ಅದರಲ್ಲಿ ಜಾಗವಿರಲಿಲ್ಲ. ಹೀಗಿದ್ದರೂ ಈ ಅಂಕಿ ದಶಕಗಳ ಕಾಲ ಸುರಕ್ಷತಾ ತರಬೇತಿಯ ಮೂಲಪಾಠವಾಗಿ ಉಳಿಯಿತು.

ದೃಷ್ಟಿ ಬದಲಾದದ್ದು ನಿರ್ಮಾಣ ಕ್ಷೇತ್ರದಲ್ಲಿ ಅಲ್ಲ, ವಿಮಾನದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರುಗಳ ಚಾಲಕರು ನೆಲಕ್ಕಿಳಿದ ಮೇಲೆ ರೆಕ್ಕೆಯ ಫ್ಲ್ಯಾಪ್ ಎಳೆಯುವ ಬದಲು ಚಕ್ರಗಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಎರಡರ ಗುಂಡಿಗಳೂ ಒಂದೇ ರೂಪದವು, ಅಕ್ಕಪಕ್ಕದಲ್ಲೇ ಇದ್ದವು ಎಂಬುದನ್ನು ಮನೋವಿಜ್ಞಾನಿ ಆಲ್ಫೋನ್ಸ್ ಚಪಾನಿಸ್ ಗುರುತಿಸಿದರು. ಕೈಗೆ ಬೇರೆಯಾಗಿ ತಿಳಿಯುವಂತೆ ಗುಂಡಿಗಳ ಆಕಾರ ಬದಲಿಸಿದಾಗ ತಪ್ಪು ನಿಂತಿತು. ಮುಂದೆ ಡೆನ್ಮಾರ್ಕಿನ ಯೆನ್ಸ್ ರಾಸ್ಮುಸೆನ್ 1983ರಲ್ಲಿ ಮನುಷ್ಯನ ನಡೆಯನ್ನು ಅಭ್ಯಾಸಬಲ, ನಿಯಮಬಲ, ಜ್ಞಾನಬಲ ಎಂಬ ಮೂರು ಹಂತಗಳಲ್ಲಿ ವಿವರಿಸಿದರು. ರೀಸನ್ 1990ರ ಗ್ರಂಥದಲ್ಲಿ ಕಣ್ಣಿಗೆ ಕಾಣುವ ಪ್ರತ್ಯಕ್ಷ ಲೋಪವನ್ನು, ಅದಕ್ಕಿಂತ ಬಹು ಹಿಂದೆಯೇ ವಿನ್ಯಾಸ, ಗುತ್ತಿಗೆ, ವೇಳಾಪಟ್ಟಿಗಳಲ್ಲಿ ಅಡಗಿ ಕುಳಿತ ಸುಪ್ತ ಸ್ಥಿತಿಗಳಿಂದ ಬೇರ್ಪಡಿಸಿದರು. ಒಂದರ ಹಿಂದೊಂದು ನಿಲ್ಲಿಸಿದ ತೂತುಳ್ಳ ಚೀಸ್ ಹೋಳುಗಳಲ್ಲಿ ತೂತುಗಳೆಲ್ಲ ಒಂದೇ ಸಾಲಿಗೆ ಬಂದಾಗ ಅವಘಡವಾಗುತ್ತದೆ ಎಂಬ ಪ್ರಸಿದ್ಧ ರೂಪಕ ಅವರದೇ.

ನಿರ್ಮಾಣ ಕ್ಷೇತ್ರಕ್ಕೆಂದೇ ಮಾಡಿದ ಅಧ್ಯಯನಗಳಲ್ಲಿ ಮುಖ್ಯವಾದುದು ಬ್ರಿಟನ್ನಿನಲ್ಲಿ ಲಫ್‌ಬರೋ ವಿಶ್ವವಿದ್ಯಾಲಯದ ರೋಜರ್ ಹ್ಯಾಸ್ಲಮ್ ಮತ್ತು ಸಂಗಡಿಗರು ನಡೆಸಿ 2005ರಲ್ಲಿ ಪ್ರಕಟಿಸಿದ್ದು. 100 ಅವಘಡಗಳನ್ನು ಬಿಡಿಬಿಡಿಯಾಗಿ ಪರಿಶೀಲಿಸಿದಾಗ 70ರಲ್ಲಿ ಕಾರ್ಮಿಕರ ಅಥವಾ ತಂಡದ ಕಡೆಯ ತೊಂದರೆ, 49ರಲ್ಲಿ ಸ್ಥಳದ ದೋಷ, 56ರಲ್ಲಿ ಉಪಕರಣದ ಕೊರತೆ, 27ರಲ್ಲಿ ಸಾಮಗ್ರಿಯ ಸಮಸ್ಯೆ, 84ರಲ್ಲಿ ಅಪಾಯ ನಿರ್ವಹಣೆಯ ಲೋಪ ಕಂಡುಬಂತು. ಈ ಅಂಕಿಗಳನ್ನು ಕೂಡಿದರೆ ನೂರನ್ನು ಎಷ್ಟೋ ಮೀರುತ್ತವೆ. ಒಂದೇ ಅವಘಡದಲ್ಲಿ ಹಲವು ಕಾರಣಗಳು ಹೆಣೆದುಕೊಂಡಿರುವುದೇ ಇದಕ್ಕೆ ಕಾರಣ. ಹೈನ್ರಿಕ್ಕರ ಲೆಕ್ಕ ಸರಿಯಾಗಿ ನೂರಕ್ಕೆ ನಿಂತದ್ದರಲ್ಲೇ ಅದರ ದೌರ್ಬಲ್ಯವಿತ್ತು.

ಅಪಾಯಮೂಲ ದೋಷವಾಗುವ ಬಗೆ

ಮೊದಲನೆಯ ದಾರಿ ಇಂದ್ರಿಯಗಳದು. ಸದ್ದು ಎಚ್ಚರಿಕೆಯ ಕೂಗನ್ನು ಮುಚ್ಚುತ್ತದೆ, ದೂಳು ಅಂಚನ್ನು ಮರೆಸುತ್ತದೆ, ಕಂಪನ ಬೆರಳಿನ ಸ್ಪರ್ಶವನ್ನು ಕೊಲ್ಲುತ್ತದೆ. ಎರಡನೆಯದು ದೇಹದ ದಾರಿ: ಸೆಖೆ, ನಿರ್ಜಲತೆ, ಬಳಲಿಕೆ, ಅನಿಲಗಳು ಪ್ರತಿಕ್ರಿಯೆಯನ್ನು ನಿಧಾನಗೊಳಿಸುತ್ತವೆ.

ಮೂರನೆಯದು ಗಮನ. ಮನುಷ್ಯನ ಗಮನಕ್ಕೆ ಮಿತಿಯಿದೆ. ಅಲುಗುವ ಸಾರುವೆಯ ಮೇಲೆ ನಿಂತವನು ಅದರಲ್ಲಿ ಒಂದು ಪಾಲನ್ನು ತನ್ನ ಸಮತೋಲಕ್ಕೇ ವ್ಯಯ ಮಾಡುತ್ತಾನೆ; ಕೈಯಲ್ಲಿರುವ ಕೆಲಸಕ್ಕೆ ಉಳಿದದ್ದು ಅಷ್ಟಷ್ಟೆ. ಭಯ ಅಥವಾ ಒತ್ತಡ ಹೆಚ್ಚಿದಾಗ ಗಮನ ಕಿರಿದಾಗಿ, ನಟ್ಟನಡುವಿನದು ಮಾತ್ರ ಕಂಡು ಬದಿಯ ಸುಳಿವುಗಳು ಕೈಬಿಡುತ್ತವೆ ಎಂಬುದನ್ನು ಜೆ. ಎ. ಈಸ್ಟರ್‌ಬ್ರೂಕ್ 1959ರಲ್ಲಿ ಪ್ರತಿಪಾದಿಸಿದರು. ಗಮನ ಹಂಚಿಹೋಗುವುದಕ್ಕೆ ಭಾರತದ ಕಾಮಗಾರಿಗಳಲ್ಲಿ ಇನ್ನೊಂದು ಕಾರಣವೂ ಇದೆ. ದಂಪತಿಗಳು ಮಕ್ಕಳೊಂದಿಗೆ ಕೆಲಸದ ಸ್ಥಳದ ಶೆಡ್ಡಿನಲ್ಲೇ ವಾಸಿಸುವಲ್ಲಿ, ಬಾಂಡ್ಲಿ ಹೊತ್ತ ತಾಯಿಯ ಒಂದು ಕಣ್ಣು ಮರಳಿನ ರಾಶಿಯ ಬಳಿಯ ಕೂಸಿನ ಮೇಲಿರುತ್ತದೆ. ಐವತ್ತಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವೆಡೆ ಶಿಶುಪಾಲನಾ ಕೊಠಡಿ ಇರಬೇಕೆಂದಿದ್ದ 1996ರ ಕಟ್ಟಡ ಕಾರ್ಮಿಕರ ಕಾಯಿದೆಯ ಕಲಮನ್ನು ಸಾಮಾನ್ಯವಾಗಿ ಕಲ್ಯಾಣದ ಬಾಬತ್ತಿಗೆ ಸೇರಿಸುತ್ತಿದ್ದರು. ಅದು ಸುರಕ್ಷತೆಯ ಕಲಮೂ ಆಗಿತ್ತು.

ನಾಲ್ಕನೆಯದು ರೂಢಿ. ದಿನವೂ ಎದುರಾಗಿ ಏನೂ ಆಗದೆ ಉಳಿದ ಅಪಾಯ ಕ್ರಮೇಣ ಅಪಾಯವಾಗಿ ಕಾಣುವುದು ನಿಲ್ಲುತ್ತದೆ. ಇದರಿಂದ ಹೊಸಬರ ಮತ್ತು ಹಳಬರ ತಪ್ಪುಗಳು ಬೇರೆಬೇರೆ ಜಾಡಿನವು: ಹೊಸಬನಿಗೆ ಅಪಾಯ ಯಾವುದೆಂದೇ ತಿಳಿದಿರುವುದಿಲ್ಲ, ನುರಿತವನಿಗೆ ತಿಳಿದದ್ದು ಮನಸ್ಸಿಗೆ ತಟ್ಟುವುದಿಲ್ಲ. ಅಮೆರಿಕದ ಸಮಾಜವಿಜ್ಞಾನಿ ಡಯೇನ್ ವಾನ್, ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತವನ್ನು ಕುರಿತ 1996ರ ಅಧ್ಯಯನದಲ್ಲಿ, ಸಂಸ್ಥೆಗಳಲ್ಲೂ ಇದೇ ಕ್ರಿಯೆ ನಡೆಯುತ್ತದೆ, ನಿಯಮದಿಂದ ದೂರ ಸರಿಯುವುದೇ ಸಹಜವೆನಿಸತೊಡಗುತ್ತದೆ ಎಂದು ತೋರಿಸಿದ್ದಾರೆ.

ರಕ್ಷಣೆಗೆಂದು ಕೊಟ್ಟ ಸಾಧನವೂ ದೋಷಕ್ಕೆ ದಾರಿಯಾಗುವುದುಂಟು. ದಪ್ಪ ಕೈಗವಸಿನಲ್ಲಿ ನಟ್ಟು ಕೂತಿದೆಯೇ ಎಂಬುದು ಬೆರಳಿಗೆ ತಿಳಿಯದು, ಬೆವರಿಗೆ ಕನ್ನಡಕ ಮಂಜಾಗುತ್ತದೆ, ಕಿವಿಮುಚ್ಚುಗೆ ಹಾಕಿಕೊಂಡವನಿಗೆ ಹಿಂದಕ್ಕೆ ಬರುವ ಲಾರಿಯ ಸದ್ದು ಕ್ಷೀಣವಾಗಿ ಕೇಳುತ್ತದೆ.

ಅಪಾಯಮೂಲಗಳ ಬಗೆಗಳು

ಉಷ್ಣ. ಬಯಲಿನಲ್ಲಿ, ಕಬ್ಬಿಣದ ಕಂಬಿಗಳ ಜಾಲದ ಮೇಲೆ, ಹೆಲ್ಮೆಟ್ಟು ಬೂಟು ತೊಟ್ಟು ಮಾಡುವ ಕೆಲಸದಲ್ಲಿ ದೇಹದೊಳಗೆ ಹುಟ್ಟುವ ಶಾಖವೂ ಹೊರಗಿನ ಶಾಖವೂ ಸೇರುತ್ತವೆ. ಹೊರಗಿನ ಒತ್ತಡವನ್ನು ಬರೀ ಉಷ್ಣಾಂಶದಿಂದ ಅಳೆಯಲಾಗದು. ಒದ್ದೆ ಬಲ್ಬಿನ ಉಷ್ಣಾಂಶದ 0.7, ಕಪ್ಪು ಗೋಳದ ಉಷ್ಣಾಂಶದ 0.2, ಗಾಳಿಯ ಉಷ್ಣಾಂಶದ 0.1 ಪಾಲು ಕೂಡಿಸಿದ ಒದ್ದೆಬಲ್ಬು–ಗೋಳ ಸೂಚ್ಯಂಕ ಬಿಸಿಲಿನಲ್ಲಿ ನಡೆಯುವ ಕೆಲಸಕ್ಕೆ ಬಳಕೆಯಲ್ಲಿದೆ. ತೇವಾಂಶಕ್ಕೆ ಇದರಲ್ಲಿ ಹೆಚ್ಚಿನ ತೂಕ. ಹಾಗಾಗಿ 33 ಡಿಗ್ರಿಯ ಮಂಗಳೂರಿನ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿಯ ರಾಯಚೂರಿಗಿಂತ ಸುರಕ್ಷಿತವೆಂದು ಹೇಳಲು ಬರುವುದಿಲ್ಲ. ಐಎಸ್ಒ 7243 ಮಾನಕದ ಪ್ರಕಾರ ಶಾಖಕ್ಕೆ ಹೊಂದಿಕೊಂಡ ವ್ಯಕ್ತಿಗೆ ಭಾರಿ ದುಡಿಮೆಯಲ್ಲಿ ಈ ಸೂಚ್ಯಂಕ 26, ಹೊಂದಿಕೊಳ್ಳದವನಿಗೆ 23 ಡಿಗ್ರಿ ದಾಟಬಾರದು. ದೇಹ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಊರಿನಿಂದ ಬಂದ ಮರುದಿನವೇ ಪೂರ್ತಿ ಪಾಳಿಗೆ ಇಳಿಯುವವನಿಗೆ ಆ ಅವಧಿ ಸಿಗುವುದಿಲ್ಲ.

ಶಾಖ ಮೊದಲು ಕೆಡಿಸುವುದು ಎಚ್ಚರವನ್ನು ಮತ್ತು ಸೂಕ್ಷ್ಮ ಕೈಚಳಕವನ್ನು. ಬೆವರಿನ ಅಂಗೈಯಿಂದ ಹಿಡಿ ಜಾರುತ್ತದೆ. ದೇಹತೂಕದ 2 ಶೇಕಡಾದಷ್ಟು ನೀರು ಕಳೆದುಕೊಂಡರೆ ಗಮನ ಮತ್ತು ನೆನಪಿನ ಕೆಲಸಗಳಲ್ಲಿ ಹಿನ್ನಡೆ ಕಾಣುತ್ತದೆ. ತಾನು ಮಂಕಾಗುತ್ತಿದ್ದೇನೆ ಎಂಬ ಅರಿವೂ ಅದೇ ಮಿದುಳಿನಿಂದ ಬರಬೇಕಾದುದರಿಂದ, ಬಳಲಿದವನು ತನ್ನ ಸ್ಥಿತಿಯನ್ನು ತಾನೇ ಅಳೆಯಲಾರ. ಕಟಾರಿನಲ್ಲಿ 2021ರ ನಿಯಮದಂತೆ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಬಯಲು ಕೆಲಸ ನಿಷಿದ್ಧ, ಸೂಚ್ಯಂಕ 32.1 ಡಿಗ್ರಿ ಮುಟ್ಟಿದರೆ ಯಾವ ಹೊತ್ತಿನಲ್ಲಾದರೂ ಕೆಲಸ ನಿಲ್ಲಬೇಕು. ಸಂಯುಕ್ತ ಅರಬ್ ಎಮಿರೇಟ್ಸಿನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ 12.30ರಿಂದ 3ರವರೆಗೆ ವಿರಾಮ ಕಡ್ಡಾಯ. ಕರ್ನಾಟಕದ ಕರಾವಳಿಯಿಂದ ಕೊಲ್ಲಿಗೆ ಹೋಗಿ ದುಡಿಯುವವರಿಗೆ ಈ ನಿಯಮಗಳು ಪರಿಚಿತ. ಕರ್ನಾಟಕದೊಳಗೆ ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ 1.30ಕ್ಕೆ ಬದಲಿಸುವ ಪರಿಪಾಠವಿದೆ. ದಿನಗೂಲಿಯ ಗಾರೆ ಕೆಲಸಕ್ಕೆ ಅದು ಅನ್ವಯಿಸುವುದಿಲ್ಲ.

ಸದ್ದು ಮತ್ತು ಕಂಪನ. ಎಂಟು ಗಂಟೆಯ ಪಾಳಿಗೆ 85 ಡೆಸಿಬೆಲ್ ಮೀರಬಾರದೆಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಶೋಧನಾ ಸಂಸ್ಥೆಯ ಶಿಫಾರಸು. ಕಾಂಕ್ರೀಟ್ ಒಡೆಯುವ ಬ್ರೇಕರ್, ಗ್ರೈಂಡರ್‌ಗಳು ಇದನ್ನು ಸುಲಭವಾಗಿ ಮೀರುತ್ತವೆ. ಕಿವುಡು ವರ್ಷಗಳ ನಂತರದ ಮಾತು; ದೋಷ ಆ ಕ್ಷಣದ್ದು. ಎಚ್ಚರಿಕೆಯ ಗಂಟೆ ಸುತ್ತಲಿನ ಸದ್ದಿಗಿಂತ ಕನಿಷ್ಠ 15 ಡೆಸಿಬೆಲ್ ಜೋರಾಗಿರಬೇಕೆಂದು ಐಎಸ್ಒ 7731 ಹೇಳುತ್ತದೆ. ಕ್ರೇನಿನ ಸಿಗ್ನಲ್‌ಮ್ಯಾನ್ ಒಂದು ಭಾಷೆಯವನು, ಚಾಲಕ ಇನ್ನೊಂದು ಭಾಷೆಯವನು, ಕೆಳಗಿನ ತಂಡ ಮತ್ತೊಂದು ರಾಜ್ಯದ್ದು ಆಗಿರುವ ಬೆಂಗಳೂರಿನಂಥ ನಗರದಲ್ಲಿ ಅರ್ಧ ಕೇಳಿದ ಮಾತು ಪೂರ್ತಿ ತಪ್ಪಾಗಿ ತಿಳಿಯುವ ಸಾಧ್ಯತೆ ಹೆಚ್ಚು. ಕೈಸನ್ನೆಗಳನ್ನು ಮಾನಕಗೊಳಿಸಿರುವುದು ಇದಕ್ಕಾಗಿಯೇ. ಕೈಗೆ ತಟ್ಟುವ ಕಂಪನಕ್ಕೆ ಐರೋಪ್ಯ ಒಕ್ಕೂಟದ 2002ರ ನಿರ್ದೇಶನ ದಿನಕ್ಕೆ 5 ಮೀಟರ್ ಪ್ರತಿ ಸೆಕೆಂಡ್ ವರ್ಗದ ಮಿತಿ ಇಟ್ಟಿದೆ. ಮಿತಿಮೀರಿದ ಕಂಪನದಿಂದ ಬೆರಳು ಜೋಮುಗಟ್ಟಿ ಹಿಡಿತದ ಬಲದ ಅಂದಾಜು ತಪ್ಪುತ್ತದೆ.

ಎತ್ತರ. ನಿಂತಿರುವಾಗ ದೇಹದ ತುಸು ಓಲಾಟವನ್ನು ಕಣ್ಣು ಹತ್ತಿರದ ಸ್ಥಿರ ವಸ್ತುಗಳ ನೆರವಿನಿಂದ ಸರಿಪಡಿಸುತ್ತಿರುತ್ತದೆ. ಎತ್ತರದ ಅಂಚಿನಲ್ಲಿ ಅಂಥ ವಸ್ತುಗಳು ದೂರ ಸರಿಯುವುದರಿಂದ ಓಲಾಟ ಹೆಚ್ಚುತ್ತದೆ. ಇದು ಹೆದರಿಕೆಯಲ್ಲ, ಶರೀರಕ್ರಿಯೆ, ಧೈರ್ಯಶಾಲಿಗೂ ತಪ್ಪದು. ತಲೆಯೆತ್ತಿ ಚಲಿಸುವ ಮೋಡವನ್ನೋ ತೂಗುವ ಕ್ರೇನಿನ ಹೊರೆಯನ್ನೋ ನೋಡಿದಾಗ ಪರಿಣಾಮ ಇನ್ನೂ ಹೆಚ್ಚು. ಸರ್ವೆ ಗಳಗಳನ್ನು ಹಗ್ಗದಿಂದ ಬಿಗಿದ ಸಾರುವೆಯಲ್ಲಿ ನಿಲ್ಲುವ ಹಲಗೆಯೇ ಅಲುಗುವುದರಿಂದ ಪಾದಕ್ಕೂ ಸ್ಥಿರ ಸುಳಿವು ಸಿಗದು. ಸಾರುವೆ ಮತ್ತು ಏಣಿಗಳಿಗೆ ಭಾರತದಲ್ಲಿ ಐಎಸ್ 3696 ಸುರಕ್ಷತಾ ಸಂಹಿತೆಯಿದೆ.

ಬೆಳಕು. ಅಮೆರಿಕದ ನಿಯಮ ಸಾಮಾನ್ಯ ನಿರ್ಮಾಣ ಸ್ಥಳಕ್ಕೆ ಸುಮಾರು 54 ಲಕ್ಸ್ ಬೆಳಕನ್ನು ಕಡ್ಡಾಯ ಮಾಡಿದೆ. ಬೆಳಕಿನ ಪ್ರಮಾಣಕ್ಕಿಂತ ಹಂಚಿಕೆ ಹೆಚ್ಚು ತೊಂದರೆ ಕೊಡುತ್ತದೆ. ಒಂದೇ ಫ್ಲಡ್‌ಲೈಟಿನ ಕೆಳಗೆ ಕಂಬದ ನೆರಳು ಮತ್ತು ಗುಂಡಿ ಒಂದೇ ಬಗೆಯಾಗಿ ಕಾಣುತ್ತವೆ.

ಅನಿಲ ಮತ್ತು ಮುಚ್ಚಿದ ಜಾಗ. ಗಾಳಿಯಲ್ಲಿ ಆಮ್ಲಜನಕ 20.9 ಶೇಕಡಾ ಇರುತ್ತದೆ, 19.5ಕ್ಕಿಂತ ಕೆಳಗೆ ಕೊರತೆಯೆಂದು ಗಣನೆ. 16ರಿಂದ 12ಕ್ಕೆ ಇಳಿಯುವಾಗ ಉಸಿರುಗಟ್ಟುವ ಸಂಕಟಕ್ಕಿಂತ ಮೊದಲೇ ತೀರ್ಮಾನಶಕ್ತಿ ಮಸುಕಾಗುತ್ತದೆ, ಹತ್ತಿ ಹೊರಬರಬೇಕೆಂಬ ಬುದ್ಧಿಯೇ ಓಡುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ. ಸುಮಾರು ಹತ್ತು ಲಕ್ಷಕ್ಕೆ 100 ಭಾಗ ಸೇರಿದಾಗ ಮೂಗಿನ ಗ್ರಹಣಶಕ್ತಿಯೇ ಅಡಗಿ, ವಾಸನೆ ಹೋಯಿತು, ಅನಿಲ ಹೋಯಿತು ಎಂಬ ತಪ್ಪೆಣಿಕೆ ಹುಟ್ಟುತ್ತದೆ. ಅಪಾಯಮೂಲವು ತನ್ನನ್ನು ಪತ್ತೆಹಚ್ಚಬೇಕಾದ ಇಂದ್ರಿಯವನ್ನೇ ಅಳಿಸುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ಭಾರತದಲ್ಲಿ ಮರುಕಳಿಸುವ ಒಂದು ಪ್ರಸಂಗ ಹೊಸ ಸಂಪು ಅಥವಾ ಸೆಪ್ಟಿಕ್ ಟ್ಯಾಂಕಿನದು. ಮೇಲೆ ಮೋಲ್ಡ್ ಹಾಕಿ ವಾರಗಟ್ಟಲೆ ಮುಚ್ಚಿಟ್ಟ ತೊಟ್ಟಿಯಲ್ಲಿ ಒದ್ದೆ ಹಲಗೆಗಳು ಕೊಳೆಯುತ್ತ ಆಮ್ಲಜನಕವನ್ನು ಹೀರಿರುತ್ತವೆ. ಎಂದೂ ಬಳಕೆಯಾಗದ ತೊಟ್ಟಿಯಲ್ಲಿ ಏನಿದ್ದೀತು ಎಂದು ಸೆಂಟ್ರಿಂಗ್ ಬಿಚ್ಚಲು ಇಳಿದವನು ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದವರೂ ಕುಸಿಯುತ್ತಾರೆ.

ವಿದ್ಯುತ್ತು. ಕಬ್ಬಿಣದ ಕಂಬಿ ಮಾರುಕಟ್ಟೆಗೆ ಬರುವುದು 12 ಮೀಟರ್ ಉದ್ದದಲ್ಲಿ. ಅದನ್ನು ಕೆಳಗಿನಿಂದ ಮೇಲಕ್ಕೆ ನೆಟ್ಟಗೆ ಎತ್ತುವಾಗ ಕಣ್ಣು ಕೈಯ ಹತ್ತಿರದ ತುದಿಯಲ್ಲಿರುತ್ತದೆ, ಮೇಲಿನ ವಿದ್ಯುತ್ ತಂತಿಗೆ ತಾಗುವುದು ಇನ್ನೊಂದು ತುದಿ. ತಂತಿಯಲ್ಲಿ ಹರಿವಿದೆಯೇ ಎಂಬುದಕ್ಕೆ ನೋಟದ ಸುಳಿವೂ ಇಲ್ಲ.

ಮಣ್ಣು. ಅಗೆತದ ಸುರಕ್ಷತೆಯ ಐಎಸ್ 3764 ಸಂಹಿತೆಯಂತೆ 1.5 ಮೀಟರಿಗಿಂತ ಆಳದ ಕಂದಕಕ್ಕೆ ಬದಿಯಾಸರೆ ಬೇಕು. ಒಂದು ಘನಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗಬಲ್ಲದು. ಬದಿ ನೆಟ್ಟಗೆ ನಿಂತಿರುವುದೇ ಭದ್ರತೆಯ ಸಾಕ್ಷಿಯಂತೆ ಕಾಣುವುದು ಇಲ್ಲಿನ ತಪ್ಪೆಣಿಕೆ.

ಬಳಲಿಕೆ ಮತ್ತು ಅವಸರ. 17 ಗಂಟೆ ನಿದ್ರೆಯಿಲ್ಲದೆ ಎಚ್ಚರವಿದ್ದವನ ಕೈಗಣ್ಣುಗಳ ಹೊಂದಾಣಿಕೆ, ರಕ್ತದಲ್ಲಿ 0.05 ಶೇಕಡಾ ಮದ್ಯಸಾರ ಇರುವವನಿಗೆ ಸಮ ಎಂದು ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ 1997ರಲ್ಲಿ ತೋರಿಸಿದರು. ನಿರ್ಮಾಣದಲ್ಲಿ ಅವಸರ ಹುಟ್ಟುವುದು ಮೇಲ್ವಿಚಾರಕನ ಕೂಗಿನಿಂದ ಮಾತ್ರವಲ್ಲ, ಸಾಮಗ್ರಿಯಿಂದಲೂ. ಲಾರಿಯಲ್ಲಿ ಬರುವ ಸಿದ್ಧ ಕಾಂಕ್ರೀಟನ್ನು ತುಂಬಿಸಿದ ಎರಡು ಗಂಟೆಯೊಳಗೆ ಸುರಿಯಬೇಕು. ಹಗಲು ಭಾರಿ ವಾಹನಗಳಿಗೆ ನಿರ್ಬಂಧವಿರುವ ನಗರಗಳಲ್ಲಿ ಸುರಿಯುವಿಕೆ ರಾತ್ರಿಗೆ ಹೋಗುತ್ತದೆ. ಹಗಲೆಲ್ಲ ಕಂಬಿ ಕಟ್ಟಿದ ತಂಡವೇ ರಾತ್ರಿ ಕಾಂಕ್ರೀಟಿಗೂ ನಿಂತರೆ ಬಳಲಿಕೆ, ಅರೆಬೆಳಕು, ಅವಸರ ಮೂರೂ ಒಂದೇ ಗಂಟೆಯಲ್ಲಿ ಕೂಡುತ್ತವೆ.

ತಾತ್ಕಾಲಿಕ ರಚನೆಗಳು

ಒಬ್ಬನ ದೋಷ ಇನ್ನೊಬ್ಬನಿಗೆ ಅಪಾಯಮೂಲವಾಗಿ ಪರಿಣಮಿಸುವುದು ಸೆಂಟ್ರಿಂಗ್, ಸಾರುವೆ, ಕಂಬಿಯ ಬೋನು ಮೊದಲಾದ ತಾತ್ಕಾಲಿಕ ರಚನೆಗಳಲ್ಲಿ. ಕಟ್ಟಿದ ತಂಡ ಹೋಗಿ ಬೇರೊಂದು ತಂಡ ಅದರ ಮೇಲೆ ಹತ್ತುತ್ತದೆ. ಸಡಿಲವಾದ ಕ್ಲಾಂಪು ಅವರಿಗೆ ಕಾಣುವುದಿಲ್ಲ. ಶಾಶ್ವತ ಕಟ್ಟಡಕ್ಕೆ ನಕ್ಷೆ, ಲೆಕ್ಕ, ಸಹಿ ಎಲ್ಲ ಇರುತ್ತವೆ. ಅದನ್ನು ಹೊತ್ತು ನಿಲ್ಲುವ ಜಾಕ್‌ಗಳ ಅಂತರವನ್ನು ಸಣ್ಣ ಕಟ್ಟಡಗಳಲ್ಲಿ ಮೇಸ್ತ್ರಿಯ ಅನುಭವ ನಿರ್ಧರಿಸುತ್ತದೆ.

ಬಿಚ್ಚುವ ಹೊತ್ತಿಗೆ ಐಎಸ್ 456 ಸಂಹಿತೆ ಕನಿಷ್ಠ ಅವಧಿ ಕೊಟ್ಟಿದೆ. ಕಂಬ, ಗೋಡೆಯಂಥ ನೆಟ್ಟನೆಯ ಮುಖಗಳಿಗೆ 16ರಿಂದ 24 ಗಂಟೆ, 4.5 ಮೀಟರ್‌ವರೆಗಿನ ತಾರಸಿಯ ಆಸರೆಗೆ 7 ದಿನ, ಅದಕ್ಕೂ ಅಗಲದ್ದಕ್ಕೆ 14 ದಿನ, 6 ಮೀಟರ್ ಮೀರಿದ ತೊಲೆಗೆ 21 ದಿನ. ಇವು ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, 15 ಡಿಗ್ರಿಗಿಂತ ಕಡಿಮೆಯಾಗದ ಹವೆಗೆ ಹೇಳಿದವು. ಇಂದು ವ್ಯಾಪಕವಾಗಿರುವ ಹಾರುಬೂದಿ ಬೆರೆತ ಸಿಮೆಂಟು ಆರಂಭದಲ್ಲಿ ನಿಧಾನವಾಗಿ ಬಲ ಪಡೆಯುತ್ತದೆ. ಹಳೆಯ ಅನುಭವದ ಮೇಲೆ ದಿನ ಎಣಿಸುವ ಮೇಸ್ತ್ರಿಯ ಲೆಕ್ಕ ಇಲ್ಲಿ ಅವನಿಗೆ ತಿಳಿಯದಂತೆಯೇ ತಪ್ಪುತ್ತದೆ. ಮೇಲ್ಮೈ ಗಟ್ಟಿಯಾಗಿದ್ದ ಮಾತ್ರಕ್ಕೆ ಒಳಗೆ ಸಾಕಷ್ಟು ಬಲ ಬಂದಿದೆ ಎನ್ನಲಾಗದು, ಕಣ್ಣಿಗಾಗಲಿ ಸುತ್ತಿಗೆಯ ಸದ್ದಿಗಾಗಲಿ ಅದು ಸಿಗದು.

ದಾಖಲಾದ ಪ್ರಕರಣಗಳು

ಅಮೆರಿಕದ ಪಶ್ಚಿಮ ವರ್ಜೀನಿಯಾದ ವಿಲೋ ಐಲೆಂಡಿನಲ್ಲಿ ವಿದ್ಯುತ್ ಸ್ಥಾವರದ ತಂಪುಗೋಪುರ ಕಟ್ಟುತ್ತಿದ್ದಾಗ 1978ರ ಏಪ್ರಿಲ್ 27ರಂದು 51 ಕಾರ್ಮಿಕರು ಸತ್ತರು. ಗೋಪುರ ದಿನಕ್ಕೊಂದು ಸುತ್ತಿನಂತೆ ಏರುತ್ತಿತ್ತು, ಸಾರುವೆಯನ್ನು ಆಗತಾನೇ ಹಾಕಿದ ಕಾಂಕ್ರೀಟಿಗೇ ಬಿಗಿಯಲಾಗಿತ್ತು. ಹಿಂದಿನ ದಿನ ಸುರಿದ 28ನೆಯ ಸುತ್ತು ಚಳಿಯ ರಾತ್ರಿಯಲ್ಲಿ ಬಲ ಪಡೆದಿರಲಿಲ್ಲ. ಮರುದಿನದ ಸುತ್ತಿಗೆ ಕಾಂಕ್ರೀಟಿನ ಬಕೆಟ್ಟು ಮೇಲೇರುತ್ತಿದ್ದಾಗ ಅಂಚು ಕಳಚಿ, ಸಾರುವೆ ಸುತ್ತಲೂ ಸುಲಿದಂತೆ ಒಳಕ್ಕೆ ಬಿತ್ತು. ಕಾಂಕ್ರೀಟು ಸಾಕಷ್ಟು ಬಲ ಪಡೆಯುವ ಮುನ್ನವೇ ಭಾರ ಹೇರಿದ್ದು ಕಾರಣವೆಂದು ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆಯ ತನಿಖೆ ತೀರ್ಮಾನಿಸಿತು. ಸಾರುವೆಯ ಮೇಲಿದ್ದ 51 ಮಂದಿಯಲ್ಲಿ ಯಾರೂ ಆ ಹೊತ್ತಿನಲ್ಲಿ ಏನನ್ನೂ ತಪ್ಪು ಮಾಡಿರಬೇಕಿಲ್ಲ. ತಪ್ಪು ಅವರು ನಿಂತಿದ್ದ ವೇಳಾಪಟ್ಟಿಯೊಳಗಿತ್ತು.

ಆಸ್ಟ್ರೇಲಿಯದ ಮೆಲ್ಬರ್ನಿನ ವೆಸ್ಟ್ ಗೇಟ್ ಸೇತುವೆಯಲ್ಲಿ ಉದ್ದುದ್ದ ಎರಡು ಅರ್ಧಗಳಾಗಿ ಮಾಡಿದ ಉಕ್ಕಿನ ಹರಹು ಜೋಡಿಸುವಾಗ ಸುಮಾರು 11 ಸೆಂಟಿಮೀಟರ್ ಎತ್ತರದ ವ್ಯತ್ಯಾಸ ಬಂತು. ಎತ್ತರದ ಅರ್ಧವನ್ನು ಒತ್ತಲು ತಲಾ 8 ಟನ್ನಿನ 10 ಕಾಂಕ್ರೀಟ್ ದಿಮ್ಮಿಗಳನ್ನು ಹೇರಿದರು. ಉಕ್ಕಿನ ತಗಡು ಉಬ್ಬಿತು. ಉಬ್ಬು ತಗ್ಗಿಸಲು ಬೋಲ್ಟುಗಳನ್ನು ಬಿಚ್ಚಿದರು. 1970ರ ಅಕ್ಟೋಬರ್ 15ರಂದು ಹರಹು ಕುಸಿದು 35 ಮಂದಿ ಸತ್ತರು. ಪ್ರತಿಯೊಂದು ತಿದ್ದುಪಡಿಯೂ ಹಿಂದಿನದಕ್ಕಿಂತ ದೊಡ್ಡ ಅಪಾಯಮೂಲವಾಯಿತು. ಕಾರ್ಮಿಕರ ವಿರಾಮದ ಶೆಡ್ಡುಗಳು ಅದೇ ಹರಹಿನ ಕೆಳಗಿದ್ದವು.

ಅಮೆರಿಕದ ಮಿಲ್ವಾಕಿಯಲ್ಲಿ ಕ್ರೀಡಾಂಗಣದ ಚಾವಣಿಯ ಭಾರಿ ತುಂಡನ್ನು ಗಾಳಿಯ ದಿನ ಎತ್ತುತ್ತಿದ್ದಾಗ, 1999ರ ಜುಲೈ 14ರಂದು, ಬಿಗ್ ಬ್ಲೂ ಎಂಬ ಕ್ರೇನು ಮುರಿದು ಮೂವರು ಸತ್ತರು. ಎತ್ತಿದ ತುಂಡಿನ ಮೇಲೆ ಬೀಳುವ ಗಾಳಿಯ ಒತ್ತಡವನ್ನು ಲೆಕ್ಕಕ್ಕೆ ತಂದಿರಲಿಲ್ಲ. ಬೆಂಗಳೂರಿನಲ್ಲಿ 2023ರ ಜನವರಿ 10ರಂದು ನಾಗವಾರದ ಬಳಿ ಮೆಟ್ರೊ ಕಂಬಕ್ಕೆ ನಿಲ್ಲಿಸಿದ್ದ ಕಂಬಿಯ ಬೋನು ರಸ್ತೆಗೆ ಉರುಳಿ, ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಾಯಿ ಮತ್ತು ಮಗು ಮೃತಪಟ್ಟರು. ನಗರದೊಳಗಿನ ನಿರ್ಮಾಣದಲ್ಲಿ ಅಪಾಯವಲಯವು ಬೇಲಿಯೊಳಗೇ ನಿಲ್ಲುವುದಿಲ್ಲ ಎಂಬುದಕ್ಕೆ ಇದು ನಿದರ್ಶನ.

ಅಳತೆಯ ವಿಧಾನಗಳು

ದೋಷದ ಸಂಭವವನ್ನು ಸಂಖ್ಯೆಯಲ್ಲಿ ಹೇಳುವ ಪ್ರಯತ್ನ ಮುಖ್ಯವಾಗಿ ಅಣುಸ್ಥಾವರಗಳಲ್ಲಿ ಬೆಳೆದದ್ದು. ಅಲನ್ ಸ್ವೇನ್ ಮತ್ತು ಹೆನ್ರಿ ಗುಟ್‌ಮನ್ 1983ರಲ್ಲಿ ಪ್ರಕಟಿಸಿದ ಥರ್ಪ್ ಕೈಪಿಡಿ ಕೆಲಸವನ್ನು ಹಂತಗಳಾಗಿ ಒಡೆದು ಪ್ರತಿ ಹಂತದ ತಪ್ಪಿನ ಸಂಭವವನ್ನು ಪರಿಸ್ಥಿತಿಗೆ ತಕ್ಕಂತೆ ತಿದ್ದುತ್ತದೆ. ಜೆರೆಮಿ ವಿಲಿಯಮ್ಸ್ 1980ರ ದಶಕದಲ್ಲಿ ರೂಪಿಸಿದ ಹಾರ್ಟ್ ವಿಧಾನದಲ್ಲಿ ದೋಷಕಾರಕ ಸ್ಥಿತಿಗಳಿಗೆ ಗುಣಕಗಳಿವೆ: ಅಪರಿಚಿತ ಸನ್ನಿವೇಶಕ್ಕೆ ಗರಿಷ್ಠ 17, ಸಮಯದ ಅಭಾವಕ್ಕೆ 11, ಗದ್ದಲದಲ್ಲಿ ಹುದುಗಿದ ಸುಳಿವಿಗೆ 10. ಕೆಟ್ಟ ಪರಿಸರಕ್ಕೆ ಮಾತ್ರ 1.15. ತಂಪಾದ ನಿಯಂತ್ರಣ ಕೊಠಡಿಯ ನೌಕರನನ್ನು ಮನಸ್ಸಿನಲ್ಲಿಟ್ಟ ವಿಧಾನದಲ್ಲಿ ಈ ಅಂಕಿ ಹೊಂದೀತು. ಬಿಸಿಲಿನ ತಾರಸಿಯ ಮೇಲೆ ಕಂಬಿ ಕಟ್ಟುವವನಿಗೆ ಅದನ್ನೇ ಅನ್ವಯಿಸುವುದು ಪ್ರಶ್ನಾರ್ಹ.

ನಿಯಂತ್ರಣ ಕ್ರಮಗಳು

ಅಂಗೀಕೃತ ಕ್ರಮಾನುಗತಿಯಲ್ಲಿ ಅಪಾಯಮೂಲವನ್ನು ತೆಗೆದುಹಾಕುವುದು ಮೊದಲು, ಬದಲಿಸುವುದು ಆಮೇಲೆ, ತಡೆ ಕಟ್ಟುವುದು ಮೂರನೆಯದು, ನಿಯಮ ಮತ್ತು ತರಬೇತಿ ನಾಲ್ಕನೆಯದು, ಹೆಲ್ಮೆಟ್ಟು ಬೆಲ್ಟುಗಳು ಕೊನೆಯವು. ಮೇಲಿನ ಹಂತಗಳು ಮನುಷ್ಯನ ಎಚ್ಚರವನ್ನು ಅವಲಂಬಿಸುವುದಿಲ್ಲ. ಕೆಳಗಿಳಿದಂತೆ ಅವಲಂಬನೆ ಹೆಚ್ಚುತ್ತದೆ. ನೆಲದ ಮೇಲೇ ಜೋಡಿಸಿ ಎತ್ತುವ ಉಕ್ಕಿನ ಚೌಕಟ್ಟು ಎತ್ತರದ ಕೆಲಸವನ್ನೇ ಕಡಿಮೆ ಮಾಡುತ್ತದೆ. ಬೆಲ್ಟು ಪ್ರತಿ ಹೆಜ್ಜೆಗೂ ಬಿಚ್ಚಿ ಸಿಕ್ಕಿಸುವ ಕೆಲಸ ಕೇಳುತ್ತದೆ, ಮರೆವಿಗೆ ಅಷ್ಟೂ ಸಲ ಅವಕಾಶ.

ಭಾರತದ ದೊಡ್ಡ ಕಾಮಗಾರಿಗಳಲ್ಲಿ ಕಾಂಕ್ರೀಟ್ ಸುರಿಯುವ ಮುನ್ನ ಸೆಂಟ್ರಿಂಗ್, ಕಂಬಿ, ಅಳತೆಗಳನ್ನು ಬೇರೆಬೇರೆಯವರು ನೋಡಿ ಸಹಿ ಮಾಡುವ ಪೋರ್ ಕಾರ್ಡ್ ಬಳಕೆಯಲ್ಲಿದೆ. ಪರೀಕ್ಷಿಸಿದ ಸಾರುವೆಗೆ ಹಸಿರು, ಹತ್ತಬಾರದ್ದಕ್ಕೆ ಕೆಂಪು ಚೀಟಿ ತೂಗುಹಾಕುವುದು, ದಿನದ ಆರಂಭದಲ್ಲಿ ಅಂದಿನ ಅಪಾಯಗಳನ್ನು ತಂಡಕ್ಕೆ ಹೇಳುವ ಟೂಲ್‌ಬಾಕ್ಸ್ ಟಾಕ್ ಕೂಡ ರೂಢಿಗೆ ಬಂದಿವೆ. ಜಪಾನಿನ ರೈಲ್ವೆಯಲ್ಲಿ ಹುಟ್ಟಿ ಅಲ್ಲಿನ ನಿರ್ಮಾಣ ಕ್ಷೇತ್ರಕ್ಕೂ ಹರಡಿದ ಒಂದು ಪದ್ಧತಿಯಲ್ಲಿ ಕೆಲಸಗಾರ ತಾನು ಪರೀಕ್ಷಿಸುವ ವಸ್ತುವಿಗೆ ಬೆರಳು ತೋರಿ ಅದರ ಸ್ಥಿತಿಯನ್ನು ಗಟ್ಟಿಯಾಗಿ ಹೇಳುತ್ತಾನೆ. ಅಲ್ಲಿನ ರೈಲ್ವೆ ತಾಂತ್ರಿಕ ಸಂಶೋಧನಾ ಸಂಸ್ಥೆಯ 1994ರ ಪ್ರಯೋಗದಲ್ಲಿ ಇದರಿಂದ ನೂರು ಕ್ರಿಯೆಗಳಿಗೆ 2.38 ಇದ್ದ ತಪ್ಪು 0.38ಕ್ಕೆ ಇಳಿಯಿತು.

ಕಾನೂನು ಮತ್ತು ಇಂದಿನ ಸ್ಥಿತಿ

ಬ್ರಿಟನ್ನಿನಲ್ಲಿ 1994ರಲ್ಲಿ ಬಂದು 2007, 2015ರಲ್ಲಿ ಪರಿಷ್ಕೃತವಾದ ನಿರ್ಮಾಣ ನಿಯಮಗಳು ವಿನ್ಯಾಸಕಾರ ಮತ್ತು ಕಟ್ಟಿಸುವವರ ಮೇಲೂ ಸುರಕ್ಷತೆಯ ಹೊಣೆ ಹೊರಿಸಿವೆ. ಭಾರತದಲ್ಲಿ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯಿದೆ 1996ರಲ್ಲಿ, ಕೇಂದ್ರ ನಿಯಮಗಳು 1998ರಲ್ಲಿ, ಕರ್ನಾಟಕದ ನಿಯಮಗಳು 2006ರಲ್ಲಿ ಬಂದವು. ರಾಜ್ಯದ ಕಲ್ಯಾಣ ಮಂಡಳಿಗೆ ನಿರ್ಮಾಣ ವೆಚ್ಚದ 1 ಶೇಕಡಾ ಸುಂಕ ಸೇರುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಏಳನೆಯ ಭಾಗ ನಿರ್ಮಾಣ ನಿರ್ವಹಣೆ ಮತ್ತು ಸುರಕ್ಷತೆಗೆ ಮೀಸಲು.

ಅವಘಡದಲ್ಲಿ ಸಾವಾದಾಗ ದಾಖಲಾಗುವ ಪೊಲೀಸ್ ಪ್ರಕರಣ ನಿರ್ಲಕ್ಷ್ಯದ ಭಾಷೆಯಲ್ಲೇ ಇರುತ್ತದೆ. ಹಿಂದೆ ಭಾರತೀಯ ದಂಡ ಸಂಹಿತೆಯ 304ಎ ಕಲಮಿನಡಿ ಗರಿಷ್ಠ ಎರಡು ವರ್ಷ ಇದ್ದ ಶಿಕ್ಷೆ, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಡಿ ಐದು ವರ್ಷಕ್ಕೆ ಏರಿದೆ. ಯಾರ ನಿರ್ಲಕ್ಷ್ಯ ಎಂಬುದನ್ನು ಹುಡುಕುವ ಈ ತನಿಖೆ, ಉಷ್ಣಾಂಶ ಎಷ್ಟಿತ್ತು, ಪಾಳಿ ಎಷ್ಟು ಗಂಟೆಯದು, ಬೆಳಕು ಎಲ್ಲಿತ್ತು ಎಂಬುದನ್ನು ದಾಖಲಿಸಲೇಬೇಕೆಂದಿಲ್ಲ.

1996ರ ಕಾಯಿದೆಯನ್ನು ಒಳಗೊಂಡ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2020, 2025ರ ನವೆಂಬರ್ 21ರಂದು ಜಾರಿಗೆ ಬಂತು. 250 ಅಥವಾ ಹೆಚ್ಚು ಕಾರ್ಮಿಕರಿರುವ ನಿರ್ಮಾಣ ಸಂಸ್ಥೆಗೆ ಸುರಕ್ಷತಾಧಿಕಾರಿ ಬೇಕು; ಹಿಂದಿನ ಕಾಯಿದೆಯಲ್ಲಿ ಈ ಮಿತಿ 500 ಇತ್ತು. ಹತ್ತಕ್ಕಿಂತ ಕಡಿಮೆ ಕಾರ್ಮಿಕರನ್ನಿಟ್ಟು ನಡೆಯುವ ನಿರ್ಮಾಣ ಕೆಲಸ ಹಳೆಯ ಕಾಯಿದೆಯಂತೆ ಹೊಸ ಸಂಹಿತೆಯಲ್ಲೂ ಕಟ್ಟಡ ಕಾಮಗಾರಿಯ ವ್ಯಾಖ್ಯೆಯಿಂದ ಹೊರಗುಳಿದಿದೆ. ಒಬ್ಬ ಮೇಸ್ತ್ರಿ, ನಾಲ್ಕೈದು ಆಳುಗಳು ಸೇರಿ ಕಟ್ಟುವ ಮನೆಗಳು ಈ ಗುಂಪಿಗೆ ಸೇರುತ್ತವೆ.